ಹಳೆಯ ಗಾಳಿ ಕೂರಿಗೆ ಮತ್ತು ಉಳದ ಹೊಲ

ಒಣ ಬಟಾಣಿ, ಕೆಂಪು ಮಸೂರ ಬೇಳೆ. ಇವೆರಡನ್ನೂ ಭಾರತ ಕೆನಡಾದಿಂದ ಹಡಗುಗಟ್ಟಲೆ ತರಿಸಿಕೊಳ್ಳುತ್ತದೆ. ಅದರಲ್ಲಿ ದೊಡ್ಡ ಪಾಲು ಬೆಳೆಯುವುದು ಸಸ್ಕ್ಯಾಚುವಾನ್ ಎಂಬ ಒಂದೇ ಪ್ರಾಂತ್ಯದಲ್ಲಿ. ಅಲ್ಲಿನ ಹೊಲಗಳಿಗೆ ನೇಗಿಲು ಇಳಿಯುವುದು ಈಗ ಅಪರೂಪ. ಕಳೆದ ವರ್ಷದ ಗೋಧಿಯ ಕೂಳೆ ನಿಂತ ಹಾಗೇ ಇರುತ್ತದೆ. ಅದರ ಮಧ್ಯೆಯೇ ಒಂದು ಅಗಲವಾದ ಯಂತ್ರ ಗೀರು ಎಳೆದು, ಗಾಳಿಯ ಬಲದಿಂದ ಬೀಜ ಇಳಿಸುತ್ತಾ ಹೋಗುತ್ತದೆ. ಅದೇ ಏರ್ ಸೀಡರ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಗಾಳಿ ಕೂರಿಗೆ.

ಹೊಸದಾಗಿ ಕೊಳ್ಳಲು ಹೋದರೆ ಇದಕ್ಕೆ ಲಕ್ಷಗಟ್ಟಲೆ ಡಾಲರ್ ಬೇಕು. ಆದರೆ 1980 ಮತ್ತು 90ರ ದಶಕದ ಯಂತ್ರಗಳು ಅದರ ಸಣ್ಣ ಪಾಲಿಗೆ ಹರಾಜಿನಲ್ಲಿ ಸಿಗುತ್ತವೆ. ಶೆಡ್ಡಿನ ಹಿಂದೆ ಹುಲ್ಲು ಬೆಳೆದು ನಿಂತಿರುತ್ತವೆ. ಬಣ್ಣ ಹೋಗಿರುತ್ತದೆ, ಬಿತ್ತನೆ ಹೇಗೆ ನಡೆದಿದೆ ಅಂತ ತೋರಿಸುವ ಮಾನಿಟರ್ ಸತ್ತಿರುತ್ತದೆ. ಇಂಥದ್ದನ್ನು ತಂದು ಉಳದ ಹೊಲದಲ್ಲಿ ಬಿತ್ತಲು ಆಗುತ್ತದಾ? ಆಗುತ್ತದೆ. ಹೊಸದಕ್ಕೂ ಹಳೆಯದಕ್ಕೂ ಇರುವ ವ್ಯತ್ಯಾಸ ಬೆಳೆಯಲ್ಲಿ ಕಾಣುವುದು ನಾವು ಅಂದುಕೊಂಡ ಜಾಗದಲ್ಲಲ್ಲ. ಹಳೆ ಯಂತ್ರ ಕೊಂಡವರು ಸಾಮಾನ್ಯವಾಗಿ ಟ್ಯಾಂಕು, ಮಾನಿಟರು ಅಂತ ದುಡ್ಡು ಸುರಿಯುತ್ತಾರೆ. ದುಡ್ಡು ಬೇಕಿರುವುದು ಮಣ್ಣಿಗೆ ತಾಗುವ ಆ ನಾಲ್ಕು ಇಂಚು ಕಬ್ಬಿಣಕ್ಕೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ 'ನೇರ ಬಿತ್ತನೆ' ಅಂದರೆ ಭತ್ತ ನೆನಪಾಗುತ್ತದೆ. ಸಸಿ ಮಡಿ ಮಾಡಿ ನಾಟಿ ಹಾಕುವ ಬದಲು ಬೀಜವನ್ನೇ ಹೊಲಕ್ಕೆ ಬಿತ್ತುವುದು. ಕೆನಡಾದ ಬಯಲಿನಲ್ಲಿ ನೇರ ಬಿತ್ತನೆ ಅಂದರೆ ಬೇರೆ. ಉಳುಮೆ ಇಲ್ಲ, ಕುಂಟೆ ಇಲ್ಲ. ಕೂಳೆ ಹೊಲಕ್ಕೆ ನೇರವಾಗಿ ಬೀಜ. ಈ ಲೇಖನದಲ್ಲಿ ಅದೇ ಅರ್ಥ.

ಅವರು ಉಳುಮೆ ಬಿಟ್ಟಿದ್ದು ಶೋಕಿಗಲ್ಲ. ಆ ಬಯಲಿನಲ್ಲಿ ಮಳೆ ಮತ್ತು ಹಿಮ ಎರಡೂ ಸೇರಿ ವರ್ಷಕ್ಕೆ ಬೀಳುವುದು 300ರಿಂದ 450 ಮಿ.ಮೀ. ನಮ್ಮ ವಿಜಯಪುರಕ್ಕಿಂತ ಕಡಿಮೆ. 1930ರ ದಶಕದ ಬರಗಾಲದಲ್ಲಿ ಉತ್ತು ಬಿಟ್ಟ ಹೊಲಗಳ ಮಣ್ಣು ಗಾಳಿಗೆ ಎದ್ದು ಹೋಯಿತು. ಅಷ್ಟಾದರೂ ಒಂದು ವರ್ಷ ಬೆಳೆ, ಒಂದು ವರ್ಷ ಕಪ್ಪಗೆ ಉತ್ತು ಪಾಳು ಬಿಡುವ ಪದ್ಧತಿ ದಶಕಗಟ್ಟಲೆ ನಡೆಯಿತು. 1984ರಲ್ಲಿ ಸೆನೆಟರ್ ಹರ್ಬರ್ಟ್ ಸ್ಪ್ಯಾರೋ ನೇತೃತ್ವದ ಸಮಿತಿ, ಹೀಗೇ ಹೋದರೆ ಮಣ್ಣೇ ಉಳಿಯುವುದಿಲ್ಲ ಎಂದು ಎಚ್ಚರಿಕೆಯ ವರದಿ ಕೊಟ್ಟಿತು. ಆಮೇಲೆ ಕಳೆನಾಶಕ ಅಗ್ಗವಾಯಿತು, ಯಂತ್ರಗಳೂ ಬಂದವು. 1991ರ ಕೃಷಿ ಗಣತಿಯಲ್ಲಿ ಕೆನಡಾದ ಬಿತ್ತನೆ ಪ್ರದೇಶದಲ್ಲಿ ಉಳುಮೆಯೇ ಇಲ್ಲದ್ದು ಶೇ. 7ರ ಆಸುಪಾಸು. 2011ರ ಹೊತ್ತಿಗೆ ಅದು ಅರ್ಧಕ್ಕಿಂತ ಜಾಸ್ತಿ.

ಗಾಳಿಯಿಂದ ಬೀಜ ತಳ್ಳುವ ಯೋಚನೆ ಮಾತ್ರ ಕೆನಡಾದ್ದಲ್ಲ, ಆಸ್ಟ್ರೇಲಿಯಾದ್ದು. 1956ರಲ್ಲಿ ಆಲ್ಬರ್ಟ್ ಫಸ್ ಎಂಬ ರೈತ ಅದನ್ನು ಮಾಡಿ ತೋರಿಸಿದ. ಆದರೆ ಅದನ್ನು ಬೆಳೆಸಿ ದೊಡ್ಡದು ಮಾಡಿದ್ದರಲ್ಲಿ ಸಸ್ಕ್ಯಾಚುವಾನಿನ ಊರುಗಳ ಪಾಲು ದೊಡ್ಡದು. ಸಸ್ಕಟೂನ್‌ನ ಫ್ಲೆಕ್ಸಿ-ಕಾಯಿಲ್, ಸೇಂಟ್ ಬ್ರೂ ಎಂಬ ಪುಟ್ಟ ಊರಿನ ಬೂರ್ಗೋ, ಯಾರ್ಕ್‌ಟನ್‌ನ ಮಾರಿಸ್. ಇಂಡಿಯನ್ ಹೆಡ್‌ನ ರೈತ ಜಿಮ್ ಹಾಲ್ಫರ್ಡ್ ಒಂದೇ ಓಟದಲ್ಲಿ ಗೊಬ್ಬರವನ್ನು ಕೆಳಗೂ ಬೀಜವನ್ನು ಮೇಲೂ ಇಡುವ ಕನ್ಸರ್ವಾ ಪ್ಯಾಕ್ ಎಂಬ ಯಂತ್ರ ಮಾಡಿದ. 2007ರಲ್ಲಿ ಅದನ್ನು ಜಾನ್ ಡೀರ್ ಕೊಂಡುಕೊಂಡಿತು. ಇದರಿಂದ ಹಳೆ ಯಂತ್ರ ಕೊಳ್ಳುವವರಿಗೆ ಒಂದು ಲಾಭವಿದೆ. ಯಂತ್ರ ಮಾಡಿದವರು, ರಿಪೇರಿ ಮಾಡುವವರು, ಬಿಡಿಭಾಗ ಮಾರುವವರು ಎಲ್ಲರೂ ಅದೇ ಸೀಮೆಯಲ್ಲಿದ್ದಾರೆ.

ಈಗ ಒಳಗಿನ ಕೆಲಸ. ಕೂರಿಗೆ ನೋಡಿದವರಿಗೆ ಇದು ಸಲೀಸು. ನಮ್ಮ ಕೂರಿಗೆಯಲ್ಲಿ ಮೇಲೊಂದು ಬಟ್ಟಲು. ಅದರ ತಳದಲ್ಲಿ ತೂತುಗಳು. ಒಂದೊಂದು ತೂತಿನಿಂದಲೂ ಒಂದು ಬಿದಿರು ಕೊಳವೆ ಒಂದೊಂದು ತಾಳಿಗೆ ಇಳಿಯುತ್ತದೆ. ಹಿಂದೆ ನಡೆಯುವ ಹೆಂಗಸು ಮುಷ್ಟಿಯಿಂದ ಒಂದೇ ಸಮನೆ ಬೀಜ ಬಿಡುತ್ತಾ ಹೋಗುತ್ತಾಳೆ. ಎಷ್ಟು ಬೀಜ ಅನ್ನುವುದು ಅವಳ ಕೈಯಲ್ಲಿದೆ. ಅದನ್ನು ಸಮನಾಗಿ ಹಂಚುವುದು ಬಟ್ಟಲಿನ ಕೆಲಸ. ಎಷ್ಟು ಆಳ ಅನ್ನುವುದು ತಾಳಿನದು.

ಏರ್ ಸೀಡರಿನಲ್ಲೂ ಅವೇ ಮೂರು ಕೆಲಸ. ಆ ಹೆಂಗಸಿನ ಕೈಯ ಜಾಗದಲ್ಲಿ ಟ್ಯಾಂಕಿನ ತಳದ ಹಲ್ಲಿನ ರೋಲರ್ ಇದೆ. ಹಳೆಯ ಯಂತ್ರಗಳಲ್ಲಿ ಅದನ್ನು ತಿರುಗಿಸುವುದು ನೆಲದ ಮೇಲೆ ಉರುಳುವ ಚಕ್ರ. ಗಾಡಿ ನಿಂತರೆ ಬೀಜವೂ ನಿಲ್ಲುತ್ತದೆ, ಓಡಿದರೆ ಬೀಳುತ್ತದೆ. ನಡುವೆ ಒಂದು ಚೈನು, ಹಲ್ಲುಚಕ್ರ, ಅಷ್ಟೇ. ಬಿದ್ದ ಬೀಜವನ್ನು ಫ್ಯಾನಿನ ಗಾಳಿ ದಪ್ಪ ಹೋಸಿನಲ್ಲಿ ತಳ್ಳಿಕೊಂಡು ಹೋಗುತ್ತದೆ. ಅಲ್ಲಿಂದ ನೆಟ್ಟಗೆ ನಿಂತ ಕೊಳವೆಯಲ್ಲಿ ಮೇಲೇರಿ, ಒಂದು ಅಣಬೆಯಂಥ ತಲೆಗೆ ಬಡಿದು, ಸುತ್ತಲಿನ ಎಂಟು ಹತ್ತು ಬಾಯಿಗಳಿಗೆ ಹಂಚಿಹೋಗುತ್ತದೆ. ಇದೇ ನಮ್ಮ ಬಟ್ಟಲು. ಅಲ್ಲಿಂದ ಸಣ್ಣ ಹೋಸುಗಳು ಒಂದೊಂದು ತಾಳಿಗೆ. ಆ ತಾಳಿನ ತುದಿಯನ್ನು ಅವರು ಓಪನರ್ ಅನ್ನುತ್ತಾರೆ. ನೆಲ ಸೀಳಿ ಗೀರು ಮಾಡುವುದು ಅದೇ. ಹಿಂದಿನಿಂದ ಪ್ಯಾಕರ್ ಚಕ್ರ ಬಂದು ಮಣ್ಣನ್ನು ಬೀಜಕ್ಕೆ ಒತ್ತುತ್ತದೆ. ನಮ್ಮಲ್ಲಿ ಬಿತ್ತಿದ ಮೇಲೆ ಕೊರಡು ಎಳೆಯುವ ಹಾಗೆ.

ಬೀಜವನ್ನು ಗಾಳಿಯಲ್ಲಿ ಯಾಕೆ ಕಳಿಸಬೇಕು? ಅಗಲಕ್ಕೆ. ಹಳೆ ಕಾಲದ ಡ್ರಿಲ್ ಎಂಬ ಬಿತ್ತನೆ ಯಂತ್ರಗಳಲ್ಲಿ ಸಾಲುಗಳ ಮೇಲೆಯೇ ಉದ್ದನೆಯ ಬೀಜದ ಪೆಟ್ಟಿಗೆ ಇರುತ್ತಿತ್ತು. ನಲವತ್ತು ಅಡಿ ಅಗಲದ ಪೆಟ್ಟಿಗೆಗೆ ಬೀಜ ತುಂಬುವುದು, ಅದನ್ನು ಮಡಚಿ ರಸ್ತೆಯಲ್ಲಿ ಸಾಗಿಸುವುದು ಎರಡೂ ತಲೆನೋವು. ಒಂದೇ ಟ್ಯಾಂಕು ಮಾಡಿ ಹೋಸು ಎಳೆದರೆ ಆ ತಲೆನೋವು ಹೋಗುತ್ತದೆ.

ಇನ್ನು ಲೆಕ್ಕ. ಇಲ್ಲೊಂದು ತಮಾಷೆ ಇದೆ. ಆ ಕಾಲದ ಯಂತ್ರಗಳಲ್ಲಿ 33 ಅಡಿ ಅಗಲದ್ದು ಸಾಮಾನ್ಯ. ನಮ್ಮ ಗುಂಟೆ ಎಷ್ಟು? 33 ಅಡಿಗೆ 33 ಅಡಿ. ಅಂದರೆ ಆ ಯಂತ್ರ 33 ಅಡಿ ಮುಂದೆ ಹೋದರೆ ಸರಿಯಾಗಿ ಒಂದು ಗುಂಟೆ ಬಿತ್ತನೆ! ಸಸ್ಕ್ಯಾಚುವಾನಿನಲ್ಲಿ ಯಾರೂ ಗುಂಟೆಯಲ್ಲಿ ಎಣಿಸುವುದಿಲ್ಲ. ಆದರೆ ನಮಗೆ ಅರ್ಥವಾಗಲು ಇದಕ್ಕಿಂತ ಸುಲಭದ ಅಳತೆ ಬೇಕಿಲ್ಲ.

ಎಕರೆಗೆ 40 ಕೆ.ಜಿ. ಗೋಧಿ ಬಿತ್ತಬೇಕು ಅಂದುಕೊಳ್ಳಿ. 40 ಗುಂಟೆಗೆ ಒಂದು ಎಕರೆ. ಗುಂಟೆಗೆ ಒಂದು ಕೆ.ಜಿ. ಯಂತ್ರದಲ್ಲಿ ಹತ್ತು ಇಂಚಿಗೊಂದರಂತೆ 40 ಓಪನರ್ ಇದ್ದರೆ, ಒಂದೊಂದರಿಂದ 33 ಅಡಿಯಲ್ಲಿ 25 ಗ್ರಾಂ ಇಳಿಯಬೇಕು. ಸಾವಿರ ಕಾಳು 35 ಗ್ರಾಂ ತೂಗುವ ಗೋಧಿಯಾದರೆ ಅದು ಸುಮಾರು 700 ಕಾಳು. ಸಾಲಿನ ಒಂದಡಿಗೆ 21, 22 ಕಾಳು. ಇದರಲ್ಲಿ ನಾಲ್ಕೈದು ಹೆಚ್ಚು ಕಡಿಮೆಯಾದರೂ ಗೋಧಿ ಕ್ಷಮಿಸಿಬಿಡುತ್ತದೆ. ಜಾಗ ಇದ್ದಲ್ಲಿ ತೆಂಡೆ ಹೊಡೆದು ತುಂಬಿಕೊಳ್ಳುತ್ತದೆ.

ಈಗ ಕನೋಲಾ ತೆಗೆದುಕೊಳ್ಳಿ. ನಮ್ಮ ಸಾಸಿವೆಯ ನೆಂಟ. ಎಕರೆಗೆ ಎರಡು ಕೆ.ಜಿ. ಸಾಕು. ಗುಂಟೆಗೆ 50 ಗ್ರಾಂ, ಒಂದು ಓಪನರಿಗೆ ಒಂದೂಕಾಲು ಗ್ರಾಂ. ಒಂದು ಚಿಟಿಕೆ! ಸಾವಿರ ಕಾಳು 5 ಗ್ರಾಂ ಅಂದರೆ 33 ಅಡಿಗೆ 250 ಕಾಳು, ಅಡಿಗೆ ಏಳೆಂಟು. ಅದೂ ಅರ್ಧದಿಂದ ಒಂದು ಇಂಚು ಆಳದಲ್ಲಿ ಕೂರಬೇಕು. ಎರಡು ಇಂಚಿಗೆ ಹೋದರೆ ಬಹಳಷ್ಟು ಮೇಲೆ ಬರುವುದೇ ಇಲ್ಲ. ಬಟಾಣಿ ಇದರ ಇನ್ನೊಂದು ತುದಿ. ಎಕರೆಗೆ 80 ಕೆ.ಜಿ. ದಾಟುತ್ತದೆ, ಎರಡು ಮೂರು ಇಂಚು ಆಳಕ್ಕೆ ಹೋದರೂ ಎದ್ದು ಬರುತ್ತದೆ. ಒಂದೇ ರೋಲರ್, ಒಂದೇ ಫ್ಯಾನು ಈ ಎರಡನ್ನೂ ಮಾಡಬೇಕು. ಆದ್ದರಿಂದ ಹಳೆ ಯಂತ್ರ ಚೆನ್ನಾಗಿದೆಯಾ ಅಂತ ಯಾರಾದರೂ ಕೇಳಿದರೆ, ಯಾವ ಬೆಳೆಗೆ ಅಂತ ಮರುಪ್ರಶ್ನೆ ಹಾಕಬೇಕು. ಗೋಧಿ, ಬಾರ್ಲಿ, ಬಟಾಣಿಗೆ ಕಣ್ಣುಮುಚ್ಚಿ ಅಲ್ಲದಿದ್ದರೂ ಧೈರ್ಯವಾಗಿ ಕೊಳ್ಳಬಹುದು. ಕನೋಲಾಗೆ ಎರಡು ಸಲ ಯೋಚಿಸಿ. ಅದರ ಬೀಜವೂ ದುಬಾರಿ.

ರೋಲರಿನಿಂದ ಸರಿಯಾದ ತೂಕ ಬೀಳುತ್ತಿದೆಯಾ ಅಂತ ತಿಳಿಯುವುದು ಕಷ್ಟವಲ್ಲ. ಕೈಹಿಡಿ ಹಾಕಿ ಇಷ್ಟು ಸುತ್ತು ತಿರುಗಿಸಿ, ಬಿದ್ದಿದ್ದನ್ನು ತೂಗಿ ಅಂತ ಕೈಪಿಡಿಯಲ್ಲಿ ಬರೆದಿರುತ್ತದೆ. ಬೀಜ ಬದಲಾದಾಗಲೆಲ್ಲ ಇದನ್ನು ಮಾಡಲೇಬೇಕು. ಪುಸ್ತಕದ ಪಟ್ಟಿ ಹೊಸ ರೋಲರಿನ ಲೆಕ್ಕ. ಸವೆದ ರೋಲರ್ ಅದನ್ನು ಓದಿರುವುದಿಲ್ಲ.

ಆದರೆ ನಿಂತಾಗ ಸರಿಯಾಗಿ ಬಿದ್ದ ಬೀಜ, ಫ್ಯಾನು ಹಾಕಿದ ಮೇಲೆ ಕಡಿಮೆ ಬೀಳಬಹುದು. ಹಳೆ ಟ್ಯಾಂಕಿನ ದೊಡ್ಡ ಗುಟ್ಟು ಇಲ್ಲಿದೆ. ಬಹುಪಾಲು ಯಂತ್ರಗಳಲ್ಲಿ ಟ್ಯಾಂಕಿನ ಒಳಗೂ ಗಾಳಿಯ ಒತ್ತಡ ಇರುತ್ತದೆ. ರೋಲರಿನ ಕೆಳಗೆ ಓಡುವ ಗಾಳಿಗೆ ಎಷ್ಟು ಒತ್ತಡವೋ ಮೇಲೂ ಅಷ್ಟೇ ಇರಬೇಕು. ಆಗ ಬೀಜ ತನ್ನ ಭಾರಕ್ಕೆ ಸಲೀಸಾಗಿ ಬೀಳುತ್ತದೆ. ಟ್ಯಾಂಕಿನ ಮುಚ್ಚಳದ ರಬ್ಬರ್ ಒಣಗಿ ಬಿರಿದಿದ್ದರೆ ಮೇಲಿನ ಒತ್ತಡ ಸೋರಿಹೋಗುತ್ತದೆ. ಕೆಳಗಿನ ಗಾಳಿ ರೋಲರಿನ ಸಂದಿಯಿಂದ ಮೇಲಕ್ಕೆ ನುಗ್ಗಿ, ಬೀಳುವ ಬೀಜವನ್ನೇ ತಡೆಯುತ್ತದೆ. ಕನೋಲಾದಂಥ ಹಗುರ ಬೀಜವಾದರೆ ಕೇಳುವುದೇ ಬೇಡ. ರೈತ ಇಡೀ ದಿನ ಓಡಿಸಿರುತ್ತಾನೆ. ಸಂಜೆ ನೋಡಿದರೆ ಟ್ಯಾಂಕಿನಲ್ಲಿ ಬೀಜ ಉಳಿದಿರುತ್ತದೆ. ರೋಲರ್ ಕೆಟ್ಟಿದೆ ಅಂದುಕೊಂಡು ಬಿಚ್ಚಿ ಕೂರುತ್ತಾನೆ. ತಪ್ಪು ಇರುವುದು ಮುಚ್ಚಳದ ರಬ್ಬರಿನಲ್ಲಿ.

ಇದಕ್ಕೆ ಪರೀಕ್ಷೆ ಸುಲಭ. ಖಾಲಿ ಟ್ಯಾಂಕಿಗೆ ಫ್ಯಾನು ಹಾಕಿ. ಮುಚ್ಚಳ, ತಳದ ಬಾಗಿಲು, ಹೋಸಿನ ಕೂಡಿಕೆ ಎಲ್ಲದಕ್ಕೂ ಸೋಪಿನ ನೀರು ಹಚ್ಚಿ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಹಾಗೆ. ಗುಳ್ಳೆ ಬಂದ ಕಡೆ ಹೊಸ ರಬ್ಬರ್. ಹಳೆ ಯಂತ್ರಕ್ಕೆ ಹಾಕುವ ದುಡ್ಡಿನಲ್ಲಿ ಇಷ್ಟು ಕಡಿಮೆಗೆ ಇಷ್ಟು ಫಲ ಕೊಡುವುದು ಬೇರೆ ಇಲ್ಲ.

ಫ್ಯಾನಿನ ವೇಗದಲ್ಲಿ ಜನ ಮಾಡುವ ತಪ್ಪು ಒಂದೇ. ಹೋಸು ಕಟ್ಟಿಕೊಂಡೀತು ಅನ್ನುವ ಹೆದರಿಕೆಗೆ ಜಾಸ್ತಿ ಇಡುತ್ತಾರೆ. ಆಗ ಬಟಾಣಿ ತಲೆಗೆ ಬಡಿದು ಬೇಳೆಯಾಗುತ್ತದೆ. ಸಣ್ಣ ಬೀಜವಾದರೆ ಗೀರಿನಿಂದ ಪುಟಿದು ಆಚೆ ಬೀಳುತ್ತದೆ. ಕಟ್ಟಿಕೊಳ್ಳದಷ್ಟು ಇದ್ದರೆ ಸಾಕು, ಅದಕ್ಕಿಂತ ಸ್ವಲ್ಪ ಮೇಲೆ. ಹಳೆ ಟ್ಯಾಂಕುಗಳಲ್ಲಿ ಕೆಲವಕ್ಕೆ ಫ್ಯಾನಿಗೇ ಪ್ರತ್ಯೇಕ ಎಂಜಿನ್ ಇರುತ್ತದೆ, ಉಳಿದವು ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯಿಂದ ತಿರುಗುತ್ತವೆ. ಟ್ರ್ಯಾಕ್ಟರಿಗೆ ಅಷ್ಟು ಎಣ್ಣೆ ತಳ್ಳುವ ತಾಕತ್ತಿದೆಯಾ ಅಂತ ಕೊಳ್ಳುವ ಮೊದಲೇ ನೋಡಬೇಕು. ಇಲ್ಲದಿದ್ದರೆ ಅಗ್ಗದ ಸೀಡರಿಗಾಗಿ ದುಬಾರಿ ಟ್ರ್ಯಾಕ್ಟರ್ ಕೊಳ್ಳಬೇಕಾದೀತು.

ಎಲ್ಲ ಸಾಲಿಗೂ ಸಮನಾಗಿ ಹೋಗುತ್ತಿದೆಯಾ? ಪ್ರತಿ ಹೋಸಿನ ತುದಿಗೂ ಒಂದೊಂದು ಚೀಲ ಕಟ್ಟಿ, ಸ್ವಲ್ಪ ಓಡಿಸಿ, ಒಂದೊಂದನ್ನೂ ತೂಗಿ. ನಲವತ್ತು ಚೀಲ, ಒಂದು ಮಧ್ಯಾಹ್ನದ ಕೆಲಸ. ಸಸ್ಕ್ಯಾಚುವಾನಿನ ಹಂಬೋಲ್ಟ್‌ನಲ್ಲಿ ಪಾಮಿ ಎಂಬ ಸಂಸ್ಥೆ ಇದೆ. 1970ರ ದಶಕದಿಂದ ಕೃಷಿ ಯಂತ್ರಗಳನ್ನು ಪರೀಕ್ಷೆ ಮಾಡುತ್ತಾ ಬಂದಿದೆ. ಸಾಲು ಸಾಲಿನ ನಡುವಿನ ಏರುಪೇರು ಶೇ. 15ರ ಒಳಗಿದ್ದರೆ ಕಾಳಿನ ಬಿತ್ತನೆಗೆ ಒಪ್ಪಬಹುದು ಅನ್ನುವುದು ಅವರು ಬಳಸಿದ ಗೆರೆ. ಆ ಕಾಲದ ಎಷ್ಟೋ ಏರ್ ಸೀಡರುಗಳ ವರದಿಗಳು ಈಗಲೂ ಓದಲು ಸಿಗುತ್ತವೆ. ಮಾರುವವನ ಮಾತಿಗಿಂತ ಅವು ವಾಸಿ. ಒಂದೇ ತಲೆಗೆ ಸೇರಿದ ಚೀಲಗಳಲ್ಲಿ ತೂಕ ಏರುಪೇರಾದರೆ ಆ ನೆಟ್ಟ ಕೊಳವೆ ವಾಲಿದೆಯಾ, ಬಾಯಿ ಸವೆದಿದೆಯಾ, ಹೋಸು ಎಲ್ಲಾದರೂ ಮಡಚಿಕೊಂಡಿದೆಯಾ ಅಂತ ನೋಡಿ.

ಇಲ್ಲಿಯವರೆಗೆ ಹೇಳಿದ್ದು ಗಾಳಿಯ ಕಥೆ. ಅದೆಲ್ಲ ಸಣ್ಣ ಖರ್ಚಿನಲ್ಲಿ ಸರಿಹೋಗುತ್ತದೆ. ಕಷ್ಟದ್ದು ಆಳ.

ಏರ್ ಸೀಡರ್ ಅಂದರೆ ಒಂದು ಯಂತ್ರವಲ್ಲ, ಎರಡು. ಟ್ಯಾಂಕು ಬೇರೆ, ನೆಲ ಸೀಳುವ ಚೌಕಟ್ಟು ಬೇರೆ. ಒಂದು ಕಂಪನಿಯ ಟ್ಯಾಂಕಿಗೆ ಇನ್ನೊಂದರ ಚೌಕಟ್ಟು ಸೇರಿಸಿ ಓಡಿಸುವವರು ಬಹಳ. 80ರ ದಶಕದ ಅಗ್ಗದ ಯಂತ್ರಗಳಲ್ಲಿ ಚೌಕಟ್ಟು ಅಂದರೆ ಉಳುಮೆಯ ಕಲ್ಟಿವೇಟರೇ. ಅದಕ್ಕೇ ಹೋಸು ಕಟ್ಟಿರುತ್ತಿದ್ದರು. ಉತ್ತ ಮೆತ್ತನೆ ಮಣ್ಣಿಗೆ ಅದು ಸರಿ. ಉಳದ ಗಟ್ಟಿ ನೆಲಕ್ಕೆ ಬಂದರೆ ತಾಳಿನ ಸ್ಪ್ರಿಂಗ್ ಸೋಲುತ್ತದೆ. ತಾಳು ಹಿಂದಕ್ಕೆ ಬಾಗಿ ತುದಿ ಮೇಲೇಳುತ್ತದೆ. ಗಟ್ಟಿ ಜಾಗದಲ್ಲಿ ಬೀಜ ಮೇಲೆಯೇ ಉಳಿಯುತ್ತದೆ, ಮೆತ್ತನೆ ಜಾಗದಲ್ಲಿ ಆಳಕ್ಕೆ ಹೋಗುತ್ತದೆ. ಮೊಳಕೆ ಒಂದು ವಾರ ಹಿಂದೆ ಮುಂದೆ. ಕಳೆಗೆ ಮದ್ದು ಹೊಡೆಯುವುದು, ಕೊಯ್ಲು, ಎಲ್ಲಕ್ಕೂ ಆಮೇಲೆ ಆ ಒಂದು ವಾರ ಕಾಡುತ್ತದೆ. ಬೇಸಿಗೆ ಗಿಡ್ಡದಾದ ನಾಡಿನಲ್ಲಿ, ಶರತ್ಕಾಲದ ಮೊದಲ ಮಂಜುಗಡ್ಡೆಯ ರಾತ್ರಿ ಹಸಿರು ಕಾಳನ್ನು ಹಿಡಿದುಕೊಂಡರೆ ಗ್ರೇಡ್ ಇಳಿಯಿತು ಅಂತಲೇ.

ಹಾಗಾಗಿ ಹಳೆಯದು ಕೊಳ್ಳಲು ಹೋದಾಗ ಮೊದಲು ತಾಳಿನ ಸ್ಪ್ರಿಂಗ್ ಎಷ್ಟು ಬಿಗಿ ಅಂತ ನೋಡಬೇಕು. ಆಮೇಲೆ ಚೌಕಟ್ಟಿನ ಎರಡೂ ಪಕ್ಕದ ಮಡಚುವ ರೆಕ್ಕೆಗಳ ಕೀಲಿನ ಪಿನ್ನು, ಬುಶ್ಶು. ಓಪನರ್ ಹಿಡಿದು ಎರಡೂ ಕಡೆ ಅಲ್ಲಾಡಿಸಿ. ಕುಣಿಯುತ್ತಿದ್ದರೆ ಸಾಲೂ ಕುಣಿಯುತ್ತದೆ. ಯಂತ್ರವನ್ನು ಸಮತಟ್ಟಾದ ಕಾಂಕ್ರೀಟಿನ ಮೇಲೆ ನಿಲ್ಲಿಸಿ ಕೆಳಗಿಳಿಸಿ, ಪ್ರತಿ ತುದಿಯ ಎತ್ತರ ಅಳೆಯಬೇಕು. ಅರ್ಧ ಇಂಚಿನ ವ್ಯತ್ಯಾಸ ಗೋಧಿಗೆ ಸುಮ್ನೆ ಅನ್ನಿಸಬಹುದು. ಕನೋಲಾಗೆ ಅದು ಇಡೀ ಆಳ. ಟ್ರ್ಯಾಕ್ಟರ್ ಚಕ್ರದ ಹಿಂದೆ ಬರುವ ತುದಿಗಳು ಗಟ್ಟಿ ನೆಲದಲ್ಲಿ ಬೇಗ ಸವೆಯುತ್ತವೆ, ಅವನ್ನು ಬೇರೆಯಾಗಿ ನೋಡಿ. ಬದಲಿಸುವುದಾದರೆ ಪೂರ್ತಿ ಸೆಟ್ ಬದಲಿಸಿ. ಹೊಸದು ಹಳೆಯದು ಬೆರೆಸಿದರೆ ಎರಡು ಆಳದ ಬೆಳೆ ಸಿಗುತ್ತದೆ.

ತುದಿ ಎಂಥದ್ದಿರಬೇಕು ಅನ್ನುವುದರಲ್ಲಿ ಎಲ್ಲರೂ ಒಪ್ಪುವುದಿಲ್ಲ. ಅಗಲದ ರೆಕ್ಕೆ ತುದಿ ನಮ್ಮ ಕುಂಟೆಯ ಹಾಗೆ ಕಳೆ ಕತ್ತರಿಸುತ್ತದೆ, ಬೀಜವನ್ನು ಅಗಲವಾಗಿ ಚೆಲ್ಲುತ್ತದೆ. ಆದರೆ ಮಣ್ಣನ್ನು ಬಹಳ ಕದಡುತ್ತದೆ, ಹಸಿ ಆರುತ್ತದೆ. ಹಾಗೆ ಮಾಡಿದ ಮೇಲೆ ಅದು ಉಳದ ಹೊಲ ಹೇಗಾಯಿತು? ಚೂರಿಯಂಥ ಕಿರಿದಾದ ತುದಿ ಸಣ್ಣ ಗೀರು ಮಾತ್ರ ಮಾಡುತ್ತದೆ, ಹಸಿ ಉಳಿಯುತ್ತದೆ. ಹಳೆ ಚೌಕಟ್ಟಿಗೆ ಕಿರಿದಾದ ತುದಿ ಹಾಕಿ, ಹಿಂದೆ ಒಳ್ಳೆ ಪ್ಯಾಕರ್ ಇದ್ದರೆ, ಒಣ ಸೀಮೆಯಲ್ಲಿ ಅದೇ ಗೆಲ್ಲುತ್ತದೆ ಅನ್ನುವುದು ನನ್ನ ಲೆಕ್ಕ.

ಆದರೆ ಕಿರಿದಾದ ತುದಿಗೆ ಒಂದು ಬೆಲೆ ಇದೆ, ಅದು ಗೊಬ್ಬರ. ಹಳೆ ಯಂತ್ರಗಳಲ್ಲಿ ಬಹಳಷ್ಟಕ್ಕೆ ಒಂದೇ ಹೋಸು. ಬೀಜವೂ ಗೊಬ್ಬರವೂ ಒಂದೇ ಗೀರಿಗೆ. ಯೂರಿಯಾ ಮಣ್ಣಿನಲ್ಲಿ ಅಮೋನಿಯಾ ಆಗುತ್ತದೆ. ಒಣ ಮಣ್ಣಿನಲ್ಲಿ, ಒಂದು ಇಂಚಿನ ಗೀರಿನಲ್ಲಿ, ಬೀಜದ ಪಕ್ಕದಲ್ಲೇ ಅದು ಇದ್ದರೆ ಮೊಳಕೆ ಸುಡುತ್ತದೆ. ಅಗಲದ ತುದಿಯಲ್ಲಿ ಗೊಬ್ಬರ ಚೆದುರಿ ಬೀಳುವುದರಿಂದ ಅಪಾಯ ಕಡಿಮೆ. ಅಗಲ ಹಾಕಿದರೆ ಹಸಿ ಹೋಗುತ್ತದೆ, ಕಿರಿದು ಹಾಕಿದರೆ ಗೊಬ್ಬರ ಸುಡುತ್ತದೆ. ಇದಕ್ಕೆ ಹೊಸ ಯಂತ್ರಗಳ ಉತ್ತರ ಎರಡು ಹೋಸು, ಗೊಬ್ಬರ ಪಕ್ಕಕ್ಕೆ ಮತ್ತು ಕೆಳಗೆ. ಹಳೆ ತಾಳಿಗೂ ಇಂಥ ಜೋಡಿ ಬಾಯಿಯ ಓಪನರುಗಳು ಸಿಗುತ್ತವೆ. ಆದರೆ ಟ್ಯಾಂಕಿನಲ್ಲಿ ಎರಡು ಗಾಳಿದಾರಿ ಬೇಕು, ಹೋಸು ದುಪ್ಪಟ್ಟು ಬೇಕು. ಅಷ್ಟು ಖರ್ಚು ಬೇಡ ಅನ್ನುವವರು ಬೀಜದ ಜೊತೆ ರಂಜಕವನ್ನು ಮಿತವಾಗಿ ಇಟ್ಟು, ಸಾರಜನಕವನ್ನು ಬೇರೆ ಓಟದಲ್ಲಿ ಕೊಡುತ್ತಾರೆ. ಡೀಸೆಲ್ ಹೋಗುತ್ತದೆ, ಮೊಳಕೆ ಉಳಿಯುತ್ತದೆ.

ಇನ್ನು ಕೂಳೆ. ತಾಳುಗಳು ಒಂದೇ ಸಾಲಿನಲ್ಲಿದ್ದರೆ ಹುಲ್ಲು ಸಿಕ್ಕಿ ರಾಶಿಯಾಗುತ್ತದೆ. ಅದಕ್ಕೇ ಮೂರು, ನಾಲ್ಕು ಸಾಲಾಗಿ ಹಿಂದೆ ಮುಂದೆ ಹಾಕಿರುತ್ತಾರೆ. ಹಾಗಿದ್ದರೂ ಹುಲ್ಲು ಗುಡ್ಡೆಯಾಗುತ್ತಿದ್ದರೆ ಸೀಡರನ್ನು ಬಯ್ಯಬೇಡಿ. ತಪ್ಪು ನಡೆದದ್ದು ಹಿಂದಿನ ಕೊಯ್ಲಿನಲ್ಲಿ, ಕಂಬೈನ್ ಹುಲ್ಲನ್ನು ಕತ್ತರಿಸಿ ಅಗಲಕ್ಕೆ ಚೆಲ್ಲದೆ ಒಂದೇ ಪಟ್ಟಿಯಲ್ಲಿ ಬಿಟ್ಟು ಹೋದಾಗ. ಇನ್ನೊಂದು, ವೇಗ. ಗಂಟೆಗೆ ಏಳೆಂಟು ಕಿಲೋಮೀಟರ್ ದಾಟಿದರೆ ಹಿಂದಿನ ಸಾಲಿನ ತಾಳುಗಳು ಮಣ್ಣು ಎರಚಿ ಮುಂದಿನ ಸಾಲಿನ ಬೀಜದ ಮೇಲೆ ಇನ್ನೊಂದು ಇಂಚು ಹೇರುತ್ತವೆ. ಆಳ ಅಳೆದು ಇಟ್ಟಿದ್ದೆಲ್ಲ ವ್ಯರ್ಥ.

ಹೊಸ ಯಂತ್ರದಲ್ಲಿ ಇದ್ದು ಹಳೆಯದರಲ್ಲಿ ಇಲ್ಲದ್ದು ಇನ್ನೂ ಇವೆ. ಬಿತ್ತಿದ ಜಾಗಕ್ಕೆ ಮತ್ತೆ ಬಂದರೆ ತಾನೇ ಬೀಜ ನಿಲ್ಲಿಸುವುದು, ಜಿಪಿಎಸ್ ನಕ್ಷೆ ನೋಡಿ ಗೊಬ್ಬರ ಹೆಚ್ಚು ಕಡಿಮೆ ಮಾಡುವುದು. ಚೌಕದ ಹೊಲದಲ್ಲಿ ಇವಿಲ್ಲದೆ ನಡೆಯುತ್ತದೆ. ಕೆರೆ, ಹಳ್ಳ, ಮೂಲೆಗಳಿರುವ ಹೊಲದಲ್ಲಿ ಎರಡೆರಡು ಸಲ ಬಿತ್ತಿದ ಬೀಜ ಗೊಬ್ಬರದ ನಷ್ಟ ಲೆಕ್ಕಕ್ಕೆ ಬರುತ್ತದೆ. ನಿಜವಾಗಿ ಬೇಕೆನಿಸುವುದು ಹೋಸು ಕಟ್ಟಿಕೊಂಡರೆ ಕೂಗುವ ಸೆನ್ಸರ್. ಅದಿಲ್ಲದಿದ್ದರೆ ಒಂದು ಹೋಸು ಕಟ್ಟಿಕೊಂಡಿದ್ದು ಗೊತ್ತಾಗುವುದು ಎರಡು ವಾರದ ಮೇಲೆ. ಅಷ್ಟು ಹೊತ್ತಿಗೆ ರಸ್ತೆಯಲ್ಲಿ ಹೋಗುವವರಿಗೆಲ್ಲ ಗೊತ್ತಾಗಿರುತ್ತದೆ.

ಸೆನ್ಸರ್ ಇಲ್ಲದವರು ಟ್ಯಾಂಕ್ ತುಂಬಲು ನಿಂತಾಗಲೆಲ್ಲ ಇಳಿದು, ಫ್ಯಾನು ಹಾಕಿ ರೋಲರನ್ನು ಕೈಹಿಡಿಯಿಂದ ತಿರುಗಿಸುತ್ತಾ, ಒಂದೊಂದು ಹೋಸನ್ನೂ ಕೈಯಲ್ಲಿ ಹಿಡಿದು ನೋಡುತ್ತಾರೆ. ಬೀಜ ಓಡುತ್ತಿದ್ದರೆ ಬೆರಳಿಗೆ ಸಣ್ಣಗೆ ತಟ್ಟುತ್ತದೆ. ಆಮೇಲೆ ಜೇಬಿನ ಚಾಕು ತೆಗೆದು ಸಾಲು ಕೆದಕುತ್ತಾರೆ. ನಡುವಿನಲ್ಲಿ, ಎರಡೂ ರೆಕ್ಕೆಯ ತುದಿಯಲ್ಲಿ, ಚಕ್ರದ ಹಿಂದೆ. ಬೀಜ ಎಷ್ಟು ಕೆಳಗಿದೆ, ಕೆಳಗಿನ ಮಣ್ಣು ಹಸಿಯಾಗಿದೆಯಾ, ಅಡಿಗೆ ಎಷ್ಟು ಕಾಳು ಅಂತ ಎಣಿಸುತ್ತಾರೆ. ಸಸಿ ಎದ್ದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ಎಣಿಕೆ. ಮುಂದಿನ ವರ್ಷ ಎಕರೆಗೆ ಎಷ್ಟು ಬೀಜ ಅನ್ನುವುದು ಕೂರುವುದು ಆ ಎರಡು ಎಣಿಕೆಗಳ ಮೇಲೆ.

ಬಿತ್ತನೆ ಮುಗಿದ ದಿನವೇ ಗೊಬ್ಬರದ ಟ್ಯಾಂಕ್ ಖಾಲಿ ಮಾಡಿ, ಗುಡಿಸಿ, ತೊಳೆದು ಒಣಗಿಸಬೇಕು. ಒಂದು ರಾತ್ರಿಯ ತೇವ ಸಾಕು, ರೋಲರಿನಲ್ಲಿ ಉಳಿದ ಯೂರಿಯಾ ಕಲ್ಲಾಗುತ್ತದೆ. ಹರಾಜಿಗೆ ಬರುವ ಟ್ಯಾಂಕುಗಳ ತಳ ತುಕ್ಕು ತಿಂದಿರುವುದು ವಯಸ್ಸಿನಿಂದಲ್ಲ, ಹೀಗೆ ಬಿಟ್ಟಿದ್ದರಿಂದ. ಹೋಸುಗಳ ಬಾಯಿಗೆ ಬಟ್ಟೆ ತುರುಕಿ ಶೆಡ್ಡಿಗೆ ಸೇರಿಸಿ. ಇಲ್ಲದಿದ್ದರೆ ಆರು ತಿಂಗಳ ಚಳಿಗೆ ಇಲಿಗಳು ಅಲ್ಲೇ ಬೆಚ್ಚಗೆ ಗೂಡು ಕಟ್ಟಿಕೊಂಡಿರುತ್ತವೆ. ಮೇ ತಿಂಗಳ ಮೊದಲ ದಿನ ಫ್ಯಾನು ಹಾಕಿದಾಗ ಮೊದಲು ಹೊರಬರುವುದು ಬಟಾಣಿಯಲ್ಲ.